ಹನಿ ಬಿದ್ದದ್ದು ಕೆಳಗೆ, ಸೋರಿದ್ದು ಮೇಲೆ: ಲಾರಿ ಎಂಜಿನ್ನಿನ ಆಯಿಲ್ ಸೋರಿಕೆ ಹುಡುಕಿದ ಎರಡೂವರೆ ತಿಂಗಳು

ನನ್ನ ಲಾರಿಯ ಎಂಜಿನ್ ಅಡಿಯಲ್ಲಿ ಆಯಿಲ್ ಹನಿಯನ್ನು ಮೊದಲು ಕಂಡ ದಿನದಿಂದ ಸೋರಿಕೆ ನಿಂತಿತೆಂದು ಖಚಿತವಾಗಿ ಹೇಳಲು ಸಾಧ್ಯವಾದ ದಿನದವರೆಗೆ ಸುಮಾರು ಎರಡೂವರೆ ತಿಂಗಳು ಹಿಡಿಯಿತು. ಈ ಅವಧಿಯಲ್ಲಿ ಗೇರ್‌ಬಾಕ್ಸನ್ನು ಒಮ್ಮೆ ಅನಗತ್ಯವಾಗಿ ಇಳಿಸಲಾಯಿತು, ಸರಿಯಾಗಿಯೇ ಇದ್ದ ಒಂದು ಸೀಲನ್ನು ಬದಲಾಯಿಸಲಾಯಿತು, ಎಂಜಿನ್ನನ್ನೇ ಬಿಚ್ಚಿ ಹೊಸ ಪಿಸ್ಟನ್ ರಿಂಗ್ ಹಾಕಿಸಬೇಕೆಂಬ ಸಲಹೆಯೂ ಬಂತು. ಕೊನೆಗೆ ಕಾರಣ ಸಿಕ್ಕಿದ್ದು ಯಾರೂ ನೋಡದೆ ಬಿಟ್ಟಿದ್ದ ಜಾಗದಲ್ಲಿ. ಇದೇ ಸ್ಥಿತಿಯಲ್ಲಿ ಈಗ ಇರುವವರಿಗೆ ಕೆಲವು ದಿನಗಳಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಲಾರಿಯದು ಆರು ಸಿಲಿಂಡರುಗಳು ಸಾಲಾಗಿರುವ, ಸುಮಾರು 12 ಲೀಟರ್ ಸಾಮರ್ಥ್ಯದ ಟರ್ಬೊ ಡೀಸೆಲ್ ಎಂಜಿನ್. ಫಿಲ್ಟರ್ ಸೇರಿ 34 ಲೀಟರ್ ಆಯಿಲ್ ಹಿಡಿಯುತ್ತದೆ. ಆರು ಲಕ್ಷ ಕಿ.ಮೀ. ದಾಟಿತ್ತು. ಒಂದು ಬೆಳಗ್ಗೆ ಗಾಡಿ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ ಕಂಡಿತು. ಬಗ್ಗಿ ನೋಡಿದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ತಳದಲ್ಲಿರುವ ಸಣ್ಣ ರಂಧ್ರದ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಮೊದಲ ವಾರ ಅದನ್ನು ಜಿನುಗು ಎಂದುಕೊಂಡೆ. ಹಳೆಯ ಎಂಜಿನ್ನುಗಳಲ್ಲಿ ಜೋಡಣೆಯ ಅಂಚು ಒದ್ದೆಯಾಗಿ ಧೂಳು ಅಂಟಿಕೊಂಡಿರುವುದು ಸಾಮಾನ್ಯ. ಅಲ್ಲಿ ಹನಿ ಕಟ್ಟುವುದಿಲ್ಲ, ಗೇಜಿನಲ್ಲಿ ಮಟ್ಟವೂ ಇಳಿಯುವುದಿಲ್ಲ, ಅಂಥದ್ದನ್ನು ಗಮನದಲ್ಲಿಟ್ಟುಕೊಂಡು ಓಡಿಸಬಹುದು. ಜಿನುಗುವುದು ಬೇರೆ, ತೊಟ್ಟಿಕ್ಕುವುದು ಬೇರೆ. ನನ್ನದು ತೊಟ್ಟಿಕ್ಕುತ್ತಿತ್ತು ಎಂದು ಒಪ್ಪಿಕೊಳ್ಳಲು ಮೂರು ವಾರ ತೆಗೆದುಕೊಂಡೆ. ಅಷ್ಟರಲ್ಲಿ ಸುಮಾರು 800 ಕಿ.ಮೀ.ಗೆ ಒಂದು ಲೀಟರಿನಂತೆ ಆಯಿಲ್ ಸೇರಿಸಬೇಕಾಗಿ ಬಂದಿತ್ತು.

ಆ ಮೂರು ವಾರಗಳಲ್ಲಿ ಒಂದು ತಪ್ಪು ನಡೆಯಿತು. ಟಯರ್ ಕೆಲಸಕ್ಕೆ ನಿಲ್ಲಿಸಿದ್ದಾಗ ಅಲ್ಲಿದ್ದ ಹುಡುಗನೊಬ್ಬ ಸಹಾಯ ಮಾಡುವ ಮನಸ್ಸಿನಿಂದ ಚೇಂಬರಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಬೋಲ್ಟುಗಳನ್ನೆಲ್ಲ ಒಂದೊಂದು ಸುತ್ತು ಬಿಗಿದುಕೊಟ್ಟ. ಚೇಂಬರಿನ ಬೋಲ್ಟುಗಳಿಗೆ ನಿಗದಿಯಾದ ಬಿಗಿತ ತೀರ ಕಡಿಮೆ. ಅದಕ್ಕಿಂತ ಹೆಚ್ಚು ಬಿಗಿದರೆ ಜೋಡಣೆಯ ನಡುವೆ ಕೂರುವ ರಬ್ಬರ್ ಪ್ಯಾಕಿಂಗ್ ಹೊರಕ್ಕೆ ಉಬ್ಬಿ ಬೋಲ್ಟಿನ ತೂತಿನ ಬಳಿ ಸೀಳುತ್ತದೆ. ಒಣಗಿದ್ದ ಚೇಂಬರಿನ ಅಂಚು ನಾಲ್ಕೇ ದಿನಗಳಲ್ಲಿ ಒದ್ದೆಯಾಯಿತು, ಆಮೇಲೆ ನೋಡಿದವರಿಗೆಲ್ಲ ಸೋರಿಕೆಯ ಚಿತ್ರ ಇನ್ನಷ್ಟು ಕಲಸಿಹೋಯಿತು. ಎಲ್ಲಿಂದ ಸೋರುತ್ತಿದೆ ಎಂಬುದು ತಿಳಿಯುವವರೆಗೆ ಯಾವ ಬೋಲ್ಟಿಗೂ ಸ್ಪ್ಯಾನರ್ ಹಾಕಲು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಹೋದ ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿ "ಬ್ಯಾಕ್ ಸೀಲ್ ಹೋಗಿದೆ" ಎಂದರು. ಕ್ರ್ಯಾಂಕ್ ಶಾಫ್ಟಿನ ಹಿಂತುದಿ ಫ್ಲೈವೀಲಿಗೆ ಸೇರುವಲ್ಲಿ ಆಯಿಲನ್ನು ತಡೆಯುವ ದೊಡ್ಡ ಉಂಗುರವೇ ಈ ಸೀಲ್. ಬೆಲ್ ಹೌಸಿಂಗಿನ ತಳದಿಂದ ಎಂಜಿನ್ ಆಯಿಲ್ ಬಿದ್ದರೆ ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಅವರು ಒಂದು ಒಳ್ಳೆಯ ಪರೀಕ್ಷೆಯನ್ನೂ ಮಾಡಿದರು. ಹನಿಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿ, ಗೇರ್ ಆಯಿಲಿನ ಗಂಧಕದ ವಾಸನೆ ಇಲ್ಲ, ಕಪ್ಪಾಗಿ ತೆಳುವಾಗಿದೆ, ಆದ್ದರಿಂದ ಗೇರ್‌ಬಾಕ್ಸಿನ ಮುಂದಿನ ಸೀಲಿನದಲ್ಲ ಎಂದು ನಿರ್ಧರಿಸಿದರು. ಅಷ್ಟರಮಟ್ಟಿಗೆ ಅವರ ಮಾತು ಸರಿಯಾಗಿತ್ತು. ಆದರೆ ಎಂಜಿನ್ನಿನ ಮೇಲ್ಭಾಗವನ್ನು ಯಾರೂ ನೋಡಲಿಲ್ಲ, ಕ್ಯಾಬಿನ್ ಎತ್ತಲೂ ಇಲ್ಲ. ನಾನೂ ಕೇಳಲಿಲ್ಲ.

ಕೆಲಸ ನಾಲ್ಕು ದಿನ ಹಿಡಿಯಿತು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗಾಳಿಯ ಪೈಪುಗಳನ್ನೂ ವೈರುಗಳನ್ನೂ ಗುರುತು ಹಾಕಿ ಕಳಚಿ, ಗೇರ್‌ಬಾಕ್ಸನ್ನು ಜಾಕಿನ ಮೇಲೆ ಹಿಂದಕ್ಕೆ ಸರಿಸಿ, ಕ್ಲಚ್ಚನ್ನೂ ಫ್ಲೈವೀಲನ್ನೂ ತೆಗೆದ ಮೇಲೆಯೇ ಆ ಸೀಲ್ ಕಾಣುವುದು. ಸೀಲಿನ ಬೆಲೆಗಿಂತ ಅದರವರೆಗೆ ತಲುಪುವ ಕೂಲಿಯೇ ಹತ್ತಾರು ಪಟ್ಟು. ಹೀಗಾಗಿ ಗೇರ್‌ಬಾಕ್ಸ್ ಇಳಿಸುವ ನಿರ್ಧಾರವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳಬೇಕು.

ಸೀಲ್ ಕೂರಿಸಿದ ಕ್ರಮ ಮಾತ್ರ ಸರಿಯಾಗಿತ್ತು. ಈಗಿನ ಅನೇಕ ಎಂಜಿನ್ನುಗಳ ಬ್ಯಾಕ್ ಸೀಲಿನ ತುಟಿ ಟೆಫ್ಲಾನಿನದು. ಹಳೆಯ ರಬ್ಬರ್ ಸೀಲಿಗೆ ಹಚ್ಚಿದಂತೆ ಇದಕ್ಕೆ ಆಯಿಲ್ ಅಥವಾ ಗ್ರೀಸ್ ಹಚ್ಚಬಾರದು. ಸೀಲೂ ಕ್ರ್ಯಾಂಕಿನ ಮೇಲ್ಮೈಯೂ ಒಣಗಿರಬೇಕು, ಸೀಲಿನ ಜೊತೆಗೇ ಬರುವ ಪ್ಲಾಸ್ಟಿಕ್ ಬಳೆಯ ಮೇಲಿನಿಂದಲೇ ಜಾರಿಸಿ ಕೂರಿಸಬೇಕು. ಆ ಬಳೆಯನ್ನು ಮೊದಲೇ ತೆಗೆದುಬಿಟ್ಟರೆ ತುಟಿಯ ಆಕಾರ ಕೆಡುತ್ತದೆ. ಹಳೆಯ ಸೀಲ್ ಉಜ್ಜಿದ ಜಾಗದಲ್ಲಿ ಕ್ರ್ಯಾಂಕ್ ಸವೆದು ಗೆರೆ ಬಿದ್ದಿದೆಯೇ ಎಂದು ಉಗುರು ಹಾಯಿಸಿ ನೋಡಿದರು. ಉಗುರು ಸಿಕ್ಕಿಕೊಳ್ಳಲಿಲ್ಲ. ಸಿಕ್ಕಿಕೊಂಡಿದ್ದರೆ ಕ್ರ್ಯಾಂಕಿನ ಮೇಲೆ ತೆಳುವಾದ ಉಕ್ಕಿನ ಸ್ಲೀವ್, ಅಂದರೆ ಕವಚ, ತೊಡಿಸಿ ಅದಕ್ಕೆ ಹೊಂದುವ ಸೀಲ್ ತರಿಸಬೇಕಾಗುತ್ತಿತ್ತು.

ಹಳೆಯ ಸೀಲನ್ನು ನಾನು ಕೇಳಿ ಪಡೆದುಕೊಂಡೆ. ಕೈಯಲ್ಲಿ ಹಿಡಿದು ನೋಡಿದಾಗ ಅದರ ತುಟಿ ಸುತ್ತಲೂ ಒಂದೇ ಸಮನಾಗಿತ್ತು, ಎಲ್ಲಿಯೂ ಸೀಳು ಇರಲಿಲ್ಲ, ಒಳಮೈಯಲ್ಲಿ ಕರಕಲು ಕಟ್ಟಿರಲಿಲ್ಲ. ಬಿಚ್ಚಿದ ಕ್ಲಚ್ ಪ್ಲೇಟ್ ಕೂಡ ಒಣಗಿತ್ತು. ಬ್ಯಾಕ್ ಸೀಲ್ ಅಷ್ಟೊಂದು ಸೋರಿದ್ದರೆ ಫ್ಲೈವೀಲ್ ತಿರುಗುವಾಗ ಆಯಿಲನ್ನು ಹೌಸಿಂಗಿನ ಒಳಗೋಡೆಗೆಲ್ಲ ಸುತ್ತಲೂ ಎರಚಿರಬೇಕಿತ್ತು. ಅಲ್ಲಿದ್ದದ್ದು ಮೇಲಿನಿಂದ ಕೆಳಕ್ಕೆ ಇಳಿದ ಒಂದೇ ಒಂದು ಕಪ್ಪು ಪಟ್ಟೆ. ಈ ಮೂರೂ ನನ್ನ ಕಣ್ಣೆದುರಿಗೇ ಇದ್ದವು. ಅವುಗಳ ಅರ್ಥ ತಿಳಿದದ್ದು ಕೆಲವು ವಾರಗಳ ನಂತರ. ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ, ಒರೆಸುವುದಕ್ಕೆ ಮುನ್ನ ಹೌಸಿಂಗಿನ ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಮ್ಮೆ ಬಟ್ಟೆಯಲ್ಲಿ ಒರೆಸಿದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಗಾಡಿ ಹೊರಬಂದ ಮೇಲೆ 19 ದಿನ ಒಂದು ಹನಿಯೂ ಬೀಳಲಿಲ್ಲ. ಇಪ್ಪತ್ತನೆಯ ದಿನ ಪೂರ್ತಿ ಲೋಡಿನಲ್ಲಿ ಉದ್ದವಾದ ಏರು ಹತ್ತಿ ಬಂದು ನಿಲ್ಲಿಸಿದಾಗ ಅದೇ ರಂಧ್ರದಿಂದ ಹನಿ ಇಳಿಯುತ್ತಿತ್ತು. ಕೊಟ್ಟ ಹಣಕ್ಕಿಂತ ಆ ನಾಲ್ಕು ದಿನಗಳ ಬಾಡಿಗೆ ಕಳೆದುಕೊಂಡು ಮತ್ತೆ ಅಲ್ಲಿಗೇ ಬಂದು ನಿಂತೆನಲ್ಲ ಎಂಬುದು ಹೆಚ್ಚು ನೋಯಿಸಿತು. ಗಾಡಿಯ ಪಕ್ಕದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಗ್ಯಾರೇಜಿನವರು ಹೊಸ ಸೀಲಿನಲ್ಲಿಯೇ ದೋಷವಿರಬೇಕು, ಮತ್ತೆ ಇಳಿಸಿ ನೋಡೋಣ ಎಂದರು. ಜೊತೆಗೆ, ಎಂಜಿನ್ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿರುವಂತಿದೆ (ಅಂದರೆ ಉರಿದ ಅನಿಲ ಪಿಸ್ಟನ್ ದಾಟಿ ಕೆಳಗಿಳಿಯುತ್ತಿರುವಂತಿದೆ), ರಿಂಗ್ ಸವೆದಿದ್ದರೆ ಎಂಜಿನ್ ಬಿಚ್ಚಬೇಕಾಗಬಹುದು ಎಂದೂ ಸೇರಿಸಿದರು. ಕಾಗದಗಳನ್ನು ತೆಗೆದು ನೋಡಿದರೆ ಬಿಲ್ಲಿನಲ್ಲಿ "ಬ್ಯಾಕ್ ಸೀಲ್ ಬದಲಾವಣೆ" ಎಂದಷ್ಟೇ ಇತ್ತು. ಏನು ಕಂಡಿತು, ಯಾವ ಆಧಾರದ ಮೇಲೆ ನಿರ್ಧರಿಸಿದರು, ಬೇರೆ ಯಾವ ಜಾಗ ನೋಡಿದರು ಎಂಬ ಒಂದು ಸಾಲೂ ಇರಲಿಲ್ಲ. ಜಾಬ್ ಕಾರ್ಡಿನಲ್ಲಿ ದೂರಿನ ಜೊತೆಗೆ ಅವರು ಕಂಡದ್ದನ್ನೂ ಬರೆಸಿಕೊಳ್ಳಿ. ಅದು ಜಗಳಕ್ಕಾಗಿ ಅಲ್ಲ, ಮುಂದೆ ನೋಡುವವರಿಗೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು. ನಾನು ಎರಡನೆಯ ಸಲ ಇಳಿಸಲು ಒಪ್ಪದೆ ಗಾಡಿಯನ್ನು ಹೊರಗೆ ತಂದೆ.

ಪರಿಚಿತ ಚಾಲಕರೊಬ್ಬರು ಹೇಳಿದ ಮೇಲೆ ಡೀಸೆಲ್ ಎಂಜಿನ್ನುಗಳನ್ನೇ ಮಾಡಿಕೊಂಡು ಬಂದಿರುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ಗಾಡಿಯ ಕೆಳಗೆ ಹೋಗುವ ಮುನ್ನ ಅರ್ಧ ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಹನಿ ಬೀಳುವುದು ಓಡಿದ ಮೇಲೋ, ರಾತ್ರಿಯೆಲ್ಲ ನಿಂತ ಮೇಲೋ? ಲೋಡಿದ್ದಾಗ ಹೆಚ್ಚೋ, ಖಾಲಿಯಿದ್ದಾಗಲೂ ಅಷ್ಟೆಯೋ? ಹೊಗೆ ನೀಲಿಯಾಗಿದೆಯೇ? ಗಾಳಿಯ ಟ್ಯಾಂಕ್ ಖಾಲಿ ಮಾಡುವಾಗ ಆಯಿಲ್ ಬರುತ್ತದೆಯೇ? ಎಂಜಿನ್ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರಿನ ಫಿಲ್ಟರ್ ಬದಲಾಯಿಸಿ ಎಷ್ಟು ದಿನವಾಯಿತು? ಕೊನೆಯ ಎರಡಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಯಿಲ್ ಸೇರಿಸಿದ ದಿನ, ಪ್ರಮಾಣ ಮತ್ತು ಕಿ.ಮೀ. ಬರೆದಿಟ್ಟಿದ್ದ ಚಿಕ್ಕ ಪುಸ್ತಕವನ್ನು ಕೊಟ್ಟೆ. ಅದನ್ನು ನೋಡಿ, ಲೋಡ್ ಹೊತ್ತ ದಿನಗಳಲ್ಲಿ ಮಾತ್ರ ಆಯಿಲ್ ಇಳಿದಿದೆ, ಆ 19 ದಿನಗಳಲ್ಲಿ ನೀವು ಬಹುತೇಕ ಖಾಲಿಯಾಗಿ ಓಡಿಸಿದ್ದೀರಿ ಎಂದು ತೋರಿಸಿಕೊಟ್ಟರು. ಹೊಸ ಸೀಲಿನಿಂದ ನಿಂತಿತೆಂದು ನಾನು ನಂಬಿದ್ದ ಸೋರಿಕೆ ನಿಂತೇ ಇರಲಿಲ್ಲ.

"ಆಯಿಲ್ ಬೀಳುವ ಜಾಗ ನೋಡಬೇಡಿ, ಒದ್ದೆಯಾಗಿರುವ ಅತಿ ಎತ್ತರದ ಜಾಗ ಹುಡುಕಿ" ಎಂದರು ಮೇಸ್ತ್ರಿ. ಆಯಿಲ್ ಮೇಲಿನಿಂದ ಇಳಿಯುತ್ತದೆ, ಓಡುವಾಗಿನ ಗಾಳಿಯೂ ರೇಡಿಯೇಟರ್ ಫ್ಯಾನೂ ಅದನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಮುಂದೆ ಮೇಲೆ ಸೋರಿದ್ದು ಹಿಂದೆ ಕೆಳಗೆ ಹನಿಯುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್, ಟರ್ಬೊಗೆ ಆಯಿಲ್ ಹೋಗುವ ಮತ್ತು ಅಲ್ಲಿಂದ ಮರಳುವ ಪೈಪುಗಳು, ಆಯಿಲ್ ಕೂಲರ್, ಫಿಲ್ಟರ್ ಕೂರುವ ಭಾಗ, ಏರ್ ಕಂಪ್ರೆಸರಿನ ಪ್ಯಾಕಿಂಗ್, ಆಯಿಲ್ ಪ್ರೆಷರ್ ಸೆನ್ಸರ್ ಇವುಗಳಲ್ಲಿ ಯಾವುದು ಸೋರಿದರೂ ಕೊನೆಗೆ ಬೆಲ್ ಹೌಸಿಂಗ್ ಒದ್ದೆಯಾಗಬಹುದು. ಆರು ಲಕ್ಷ ಕಿ.ಮೀ.ಗಳ ಜಿಡ್ಡಿನ ನಡುವೆ ಹೊಸ ಸೋರಿಕೆಯನ್ನು ಗುರುತಿಸಲಾಗದು, ಆದ್ದರಿಂದ ಮೊದಲ ಕೆಲಸ ತೊಳೆಯುವುದು.

ತೊಳೆಯುವುದಕ್ಕೇ ಒಂದು ದಿನ ಬೇಕಾಯಿತು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿಸಿದರು, ಏಕೆಂದರೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವಿದೆ. ಬ್ಯಾಟರಿ ಕಳಚಿ, ಆಲ್ಟರ್ನೇಟರ್, ಎಂಜಿನ್ ಕಂಪ್ಯೂಟರ್, ವೈರಿನ ಜೋಡಣೆಗಳು ಮತ್ತು ಟರ್ಬೊಗೆ ಗಾಳಿ ಹೋಗುವ ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದರು. ಜಿಡ್ಡು ಕರಗಿಸುವ ದ್ರಾವಣ ಹಚ್ಚಿ ಬ್ರಷ್ಷಿನಿಂದ ಉಜ್ಜಿದರು. ಒತ್ತಡದ ನೀರನ್ನು ಸೀಲುಗಳ ಮೇಲೂ ವೈರುಗಳ ಮೇಲೂ ನೇರವಾಗಿ ಬಿಡಲಿಲ್ಲ. ಗಾಳಿ ಹಾಯಿಸಿ ಮೂಲೆಮೂಲೆಯನ್ನೂ ಒಣಗಿಸಿದ ಮೇಲೆ ಎಂಜಿನ್ನಿನ ಮೈಬಣ್ಣ ನನಗೆ ಮೊದಲ ಬಾರಿ ಕಂಡಿತು. ಆಮೇಲೆ ಆಯಿಲ್‌ಗೆ ಸೇರಿಸುವ ಬಣ್ಣದ ದ್ರವವನ್ನು, ನೇರಳಾತೀತ ಬೆಳಕಿನಲ್ಲಿ ಹೊಳೆಯುವಂಥದ್ದನ್ನು, ಬಾಟಲಿಯ ಮೇಲೆ ಬರೆದ ಅಳತೆಯಂತೆ 34 ಲೀಟರಿಗೆ ಲೆಕ್ಕ ಹಾಕಿ ಹುಯ್ದರು. ಕಾರಿಗೆ ಸಾಕಾಗುವ ಒಂದು ಬಾಟಲಿ ಇಷ್ಟು ಆಯಿಲ್‌ಗೆ ಏನೂ ಸಾಲದು.

ಲೋಡ್ ಹೊತ್ತು 150 ಕಿ.ಮೀ. ಓಡಿಸಿಕೊಂಡು ಬನ್ನಿ ಎಂದರು. ನಿಂತಲ್ಲಿ ಎಂಜಿನ್ ಓಡಿಸಿದರೆ ನನ್ನಂಥ ಸೋರಿಕೆ ಕಾಣುವುದಿಲ್ಲ. ಮರಳಿ ಬಂದಾಗ ಕತ್ತಲಾಗಿತ್ತು, ಅದೇ ಅನುಕೂಲವಾಯಿತು. ಕ್ಯಾಬಿನ್ ಎತ್ತಿ, ಹಳದಿ ಕನ್ನಡಕ ಹಾಕಿಕೊಂಡು ದೀಪ ಹಿಡಿದಾಗ ಕಂಡದ್ದನ್ನು ನಾನು ಮರೆಯಲಾರೆ. ಟ್ಯಾಪೆಟ್ ಕವರಿನ ಹಿಂದಿನ ಎಡ ಮೂಲೆಯಿಂದ ದಾರದಷ್ಟು ತೆಳುವಾದ ಹಳದಿ ಹಸಿರು ಗೆರೆಯೊಂದು ಹೊರಟು, ಹೆಡ್ಡಿನ ಹಿಂಬದಿಯಲ್ಲಿ ಇಳಿದು, ವೈರುಗಳ ಕಟ್ಟನ್ನು ದಾಟುವಲ್ಲಿ ಸ್ವಲ್ಪ ಅಗಲವಾಗಿ, ಬ್ಲಾಕಿನ ಹಿಂಗೋಡೆಯನ್ನು ಹಿಡಿದು ಬೆಲ್ ಹೌಸಿಂಗಿನ ಮೇಲಿನ ತೂತಿನೊಳಗೆ ಮರೆಯಾಗಿತ್ತು. ಟೈಮಿಂಗ್ ನೋಡಲು ಇರುವ ಆ ತೂತಿನ ರಬ್ಬರ್ ಮುಚ್ಚಳ ಎಂದೋ ಬಿದ್ದುಹೋಗಿತ್ತು. ಒಳಗೆ ಹೋದ ಆಯಿಲ್ ತಳದ ರಂಧ್ರದಿಂದ ಹೊರಬರುತ್ತಿತ್ತು. ಗೇರ್‌ಬಾಕ್ಸ್ ಇಳಿಸಿದ್ದಾಗ ಹೌಸಿಂಗಿನೊಳಗೆ ಕಂಡಿದ್ದ ಆ ಒಂದು ಪಟ್ಟೆ ಏನೆಂಬುದು ನನಗೆ ಆಗ ಅರ್ಥವಾಯಿತು. ಚೇಂಬರಿನ ಅಂಚಿನಲ್ಲಿಯೂ, ಹುಡುಗ ಬಿಗಿದಿದ್ದ ಎರಡು ಬೋಲ್ಟುಗಳ ಬಳಿ, ಹೊಳಪಿತ್ತು.

ಹೀಗೆ ಹುಡುಕುವಾಗ ಒಂದು ಎಚ್ಚರಿಕೆ ಅತ್ಯಗತ್ಯ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿಗೆ ಹೋಗುವ ಡೀಸೆಲ್ ಪೈಪುಗಳ ಹತ್ತಿರ ಬರಿಗೈ ಹಾಯಿಸಿ ಸೋರಿಕೆ ಹುಡುಕಬೇಡಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಅಲ್ಲಿನ ಒತ್ತಡ ಸಾವಿರ ಬಾರ್ ಮೀರಿ ಹೋಗುತ್ತದೆ; ಕಣ್ಣಿಗೆ ಕಾಣದ ಧಾರೆಯೂ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಟರ್ಬೊ ಅಥವಾ ಎಗ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿದ್ದರೆ ಬೆಂಕಿಯ ಅಪಾಯವಿರುವುದರಿಂದ ಪರೀಕ್ಷೆಗೆಂದೂ ಗಾಡಿ ಓಡಿಸಬಾರದು.

ಪ್ಯಾಕಿಂಗ್ ತರಿಸೋಣವೇ ಎಂದು ಕೇಳಿದೆ. "ಪ್ಯಾಕಿಂಗ್ ಯಾಕೆ ಸೋತಿತು ಅಂತ ನೋಡದೆ ಹೊಸದು ಹಾಕಿದರೆ ಅದೂ ಸೋಲುತ್ತೆ" ಎಂದು ಅವರು ಒಳಗಿನ ಒತ್ತಡ ಅಳೆಯಲು ಹೊರಟರು. ಈ ಇಡೀ ಅನುಭವದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉರಿದ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ, ಕ್ರ್ಯಾಂಕ್ ಶಾಫ್ಟ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಹೊಸ ಎಂಜಿನ್ನಿನಲ್ಲಿಯೂ ಇರುವಂಥದ್ದೇ. ಅದು ಬ್ರೀದರ್ ಮೂಲಕ ಹೊರಹೋಗಬೇಕು. ಬ್ರೀದರ್ ಕಟ್ಟಿಕೊಂಡರೆ, ಅಥವಾ ಇಳಿಯುವ ಗಾಳಿ ಅತಿಯಾದರೆ, ಒಳಗೆ ಒತ್ತಡ ಏರಿ ಎಲ್ಲ ಸೀಲು ಪ್ಯಾಕಿಂಗುಗಳನ್ನೂ ಒಳಗಿನಿಂದ ತಳ್ಳುತ್ತದೆ. ಆಗ ಅತ್ಯಂತ ದುರ್ಬಲವಾದದ್ದು ಮೊದಲು ಸೋರುತ್ತದೆ. ಅದನ್ನು ಸರಿಪಡಿಸಿದರೆ ಅದರ ನಂತರದ್ದು. ಗಾಳಿ ಅತಿಯಾಗಲು ಸವೆದ ರಿಂಗುಗಳೊಂದೇ ಕಾರಣವಲ್ಲ. ಟರ್ಬೊದ ಒಳಸೀಲ್ ಹೋದರೆ ಆಯಿಲ್ ಮರಳುವ ಪೈಪಿನ ಮೂಲಕ ಗಾಳಿ ಬರುತ್ತದೆ. ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರಿನ ರಿಂಗು ಸವೆದರೆ ಅದೂ ಕ್ರ್ಯಾಂಕ್‌ಕೇಸಿಗೆ ಗಾಳಿ ಊದುತ್ತದೆ.

ಅಳೆಯಲು ಬಳಸಿದ್ದು ಅರ್ಧ ನೀರು ತುಂಬಿ ಯು ಆಕಾರದಲ್ಲಿ ಹಲಗೆಗೆ ಕಟ್ಟಿದ ಪಾರದರ್ಶಕ ಟ್ಯೂಬ್. ಅದರ ಒಂದು ತುದಿಯನ್ನು ಆಯಿಲ್ ಹುಯ್ಯುವ ಮುಚ್ಚಳದ ಜಾಗಕ್ಕೆ ಗಾಳಿಯಾಡದಂತೆ ಜೋಡಿಸಿ, ಇನ್ನೊಂದನ್ನು ತೆರೆದುಬಿಟ್ಟರು. ಆಯಿಲ್ ಗೇಜಿನ ಕೊಳವೆಯಲ್ಲಿ ಯಾಕೆ ಅಳೆಯಬಾರದು ಎಂದಾಗ, ಕೆಲವು ಎಂಜಿನ್ನುಗಳಲ್ಲಿ ಅದರ ಕೆಳತುದಿ ಆಯಿಲಿನಲ್ಲಿ ಮುಳುಗಿರುವುದರಿಂದ ಸರಿಯಾದ ಅಂಕಿ ಸಿಗುವುದಿಲ್ಲ ಎಂದರು. ಎರಡು ಕಡೆಯ ನೀರಿನ ಮಟ್ಟಗಳ ನಡುವಿನ ಪೂರ್ತಿ ಅಂತರವೇ ಒತ್ತಡ, 102 ಮಿ.ಮೀ. ಅಂತರವೆಂದರೆ ಸುಮಾರು ಒಂದು ಕಿಲೋಪಾಸ್ಕಲ್. ಎಷ್ಟಿರಬೇಕು, ಯಾವ ವೇಗದಲ್ಲಿ ಅಳೆಯಬೇಕು ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾದ್ದರಿಂದ ನಿಮ್ಮ ಎಂಜಿನ್ನಿನ ಕೈಪಿಡಿಯ ಮಿತಿಯನ್ನೇ ನೋಡಬೇಕು. ನನ್ನದು ಮಿತಿಯ ಎರಡು ಪಟ್ಟಿಗೂ ಹೆಚ್ಚಿತ್ತು.

ಆಗ ಮೇಸ್ತ್ರಿ ನನ್ನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ತುಳಿದು ಗಾಳಿ ಇಳಿಸಲು ಹೇಳಿದರು. ಗಾಳಿ ಕಡಿಮೆಯಾದಾಗ ಕಂಪ್ರೆಸರ್ ತುಂಬಲು ಶುರು ಮಾಡುತ್ತದೆ, ಟ್ಯಾಂಕ್ ತುಂಬಿದಾಗ ತಾನಾಗಿ ತುಂಬುವುದನ್ನು ನಿಲ್ಲಿಸುತ್ತದೆ. ತುಂಬುವಾಗ ಟ್ಯೂಬಿನ ನೀರು ಮೇಲೇರಿ ನಿಂತಿತು. ಟ್ಯಾಂಕ್ ತುಂಬಿ ಗಾಳಿ ಹೊರಬಿಟ್ಟ ಶಬ್ದ ಕೇಳಿದ ಕ್ಷಣವೇ ನೀರು ಮೂರನೆಯ ಒಂದು ಭಾಗದಷ್ಟು ಕೆಳಗಿಳಿಯಿತು. ಮೂರು ಸಲ ಹಾಗೆ ಮಾಡಿ ನೋಡಿದೆವು, ಮೂರು ಸಲವೂ ಅದೇ. ಗಾಳಿಯ ಟ್ಯಾಂಕಿನ ತಳದ ಡ್ರೇನ್ ಎಳೆದಾಗ ನೀರಿನ ಜೊತೆ ಕಂದು ಬಣ್ಣದ ಆಯಿಲ್ ಚಿಮ್ಮಿತು.

ಬ್ರೀದರ್ ಡಬ್ಬಿಯಿಂದ ತೆಗೆದ ಫಿಲ್ಟರ್ ನೆನೆದ ಬಟ್ಟೆಯಷ್ಟು ಭಾರವಾಗಿತ್ತು. ಅದರ ಮಡಿಕೆಗಳ ನಡುವೆ ಕಪ್ಪು ಕೆಸರು ತುಂಬಿತ್ತು, ಬಾಯಿಂದ ಊದಿದರೆ ಉಸಿರು ದಾಟಲಿಲ್ಲ. ಹೊಸ ಫಿಲ್ಟರ್ ಅಂದೇ ಸಿಕ್ಕಿತು, ಬೆಲೆಯೂ ಅಲ್ಪ. ಹಾಕಿ ಮತ್ತೆ ಅಳೆದಾಗ ಒತ್ತಡ ಅರ್ಧದಷ್ಟು ಇಳಿದಿತ್ತು. ಕಂಪ್ರೆಸರ್ ಗಾಳಿ ತುಂಬದಿರುವಾಗ ಮಿತಿಯೊಳಗೆ ಬಂತು, ತುಂಬುವಾಗ ಮಾತ್ರ ಮೀರುತ್ತಿತ್ತು. ಅಂದರೆ ಸವೆದದ್ದು ಕಂಪ್ರೆಸರಿನ ರಿಂಗು, ಎಂಜಿನ್ನಿನ ರಿಂಗುಗಳು ಚೆನ್ನಾಗಿದ್ದವು. ಎಂಜಿನ್ ಬಿಚ್ಚಬೇಕಾಗಬಹುದೆಂಬ ಮಾತು ಕೇಳಿದಂದಿನಿಂದ ಹೊತ್ತಿದ್ದ ಹೊರೆ ಆಗ ಇಳಿಯಿತು. ಒಂದು ಬದಲಾವಣೆ ಮಾಡಿ ಒಮ್ಮೆ ಅಳೆದದ್ದರಿಂದಲೇ ಇದು ಸ್ಪಷ್ಟವಾಯಿತು; ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಯಾವುದರ ಪಾಲು ಎಷ್ಟೆಂಬುದು ತಿಳಿಯುತ್ತಿರಲಿಲ್ಲ.

ರಿಪೇರಿಗಿಂತ ಬಿಡಿಭಾಗಗಳಿಗೆ ಕಾದ ದಿನಗಳೇ ಹೆಚ್ಚು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬರಲು ಒಂಬತ್ತು ದಿನವಾಯಿತು, ಬಂದದ್ದು ಕೂರಲಿಲ್ಲ. ಒಂದೇ ಮಾದರಿಯ ಎಂಜಿನ್ನಿಗೆ ಎರಡು ಬಗೆಯ ಕವರುಗಳಿದ್ದವಂತೆ. ಗಾಡಿಯ ಮಾದರಿ ಮತ್ತು ವರ್ಷ ಹೇಳಿದರೆ ಸಾಲದು, ಎಂಜಿನ್ನಿನ ಮೈಮೇಲಿನ ಫಲಕದಲ್ಲಿರುವ ಎಂಜಿನ್ ನಂಬರ್ ಕೊಡಬೇಕಿತ್ತು. ಫಲಕವನ್ನು ಒರೆಸಿ ಫೋಟೊ ತೆಗೆದು ಕಳುಹಿಸಿದ ಮೇಲೆ ಸರಿಯಾದದ್ದು ಬರಲು ಮತ್ತೆ ಆರು ದಿನ. ಈ ನಡುವೆ ಸೋರಿಕೆ ನಿಲ್ಲಿಸುತ್ತದೆಂದು ಮಾರುವ ದ್ರವವೊಂದನ್ನು ಆಯಿಲ್‌ಗೆ ಹಾಕುವಂತೆ ಒಬ್ಬರಲ್ಲ ಇಬ್ಬರು ಹೇಳಿದರು. ಅಂಥ ದ್ರವಗಳು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಗಟ್ಟಿಯಾಗಿ ಬಿರುಕು ಬಿಟ್ಟ ಪ್ಯಾಕಿಂಗಿಗೂ ಒಳಗಿನ ಒತ್ತಡಕ್ಕೂ ಅವುಗಳಿಂದ ಪರಿಹಾರವಿಲ್ಲ ಎಂದು ಮೇಸ್ತ್ರಿ ಬೇಡವೆಂದರು.

ಕಂಪ್ರೆಸರನ್ನು ಎರಡು ದಿನಗಳಲ್ಲಿ ಬದಲಾಯಿಸಿದರು. ಅದು ಎಂಜಿನ್ನಿನ ಗೇರಿನಿಂದಲೇ ತಿರುಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಗೇರಿನ ಹಲ್ಲುಗಳನ್ನು ಗುರುತಿಗೆ ಸರಿಯಾಗಿ ಕೂರಿಸಬೇಕಾಗಿರುವುದರಿಂದ ತೆಗೆಯುವ ಮುನ್ನವೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಅದಕ್ಕೆ ಆಯಿಲ್ ಪೈಪಿನ ಜೊತೆ ಕೂಲಂಟ್ ಪೈಪೂ ಇರುವುದರಿಂದ ಕೂಲಂಟ್ ಇಳಿಸಿ, ಮತ್ತೆ ತುಂಬಿ, ಸಿಕ್ಕಿಕೊಂಡ ಗಾಳಿಯನ್ನು ಬಿಡಬೇಕಾಯಿತು. ಬಿಚ್ಚಿದ ಪ್ರತಿ ಪೈಪಿನ ತಾಮ್ರದ ವಾಷರನ್ನೂ ಹೊಸದಾಗಿ ಹಾಕಿದರು.

ಟ್ಯಾಪೆಟ್ ಕವರ್ ತೆಗೆದಾಗ ಹಳೆಯ ಪ್ಯಾಕಿಂಗನ್ನು ಬಗ್ಗಿಸಲು ಹೋದೆ, ಒಣಕಡ್ಡಿಯಂತೆ ಮುರಿಯಿತು. ಕವರನ್ನು ಗಾಜಿನ ಹಲಗೆಯ ಮೇಲೆ ಬೋರಲು ಹಾಕಿ ಸುತ್ತಲೂ ಸಂದು ಅಳೆಯುವ ತೆಳುವಾದ ಫೀಲರ್ ಗೇಜ್ ತೂರಿಸಿ, ತಿರುಚಿಕೊಂಡಿಲ್ಲ ಎಂದು ಖಚಿತಪಡಿಸಿಕೊಂಡರು. ಕೂರುವ ಮೇಲ್ಮೈಗಳನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೈಯಲ್ಲೇ ಕೆರೆದರು. ಯಂತ್ರಕ್ಕೆ ಹಾಕುವ ಉಜ್ಜುಬಿಲ್ಲೆ ಬಳಸಿದರೆ ಬೇಗ ಆಗುತ್ತದಲ್ಲ ಎಂದದ್ದಕ್ಕೆ, ಅದರಿಂದ ಉದುರುವ ಪುಡಿ ಆಯಿಲಿನಲ್ಲಿ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ ಎಂದರು. ಕವರ್ ತೆರೆದಿದ್ದಾಗಲೇ, ಎಂಜಿನ್ ತಣ್ಣಗಿರುವಾಗ, ಟ್ಯಾಪೆಟ್ ಕೂಡ, ಅಂದರೆ ವಾಲ್ವುಗಳ ಸಂದನ್ನೂ, ಹೊಂದಿಸಿದರು. ಅದೇ ಕೂಲಿಯಲ್ಲಿ ಆಗುವ ಕೆಲಸವಾದ್ದರಿಂದ ಯಾರೂ ಇದನ್ನು ಬಿಡಬಾರದು. ಬೋಲ್ಟುಗಳನ್ನು ಮಧ್ಯದಿಂದ ಅಂಚುಗಳ ಕಡೆಗೆ, ಎರಡು ಹಂತಗಳಲ್ಲಿ, ಟಾರ್ಕ್ ರೆಂಚಿನಿಂದ ಬಿಗಿದರು.

ಚೇಂಬರಿನ ಪ್ಯಾಕಿಂಗ್ ಮಾತ್ರ ನಮ್ಮ ಕೈಯಾರೆ ತಂದುಕೊಂಡ ಖರ್ಚು. ಆಯಿಲನ್ನು ಪೂರ್ತಿ ಇಳಿಸಿ ಡ್ರಮ್ಮಿನಲ್ಲಿ ತುಂಬಿ ಹಳೆಯ ಆಯಿಲ್ ಸಂಗ್ರಹಿಸುವವರಿಗೆ ಕೊಟ್ಟೆವು, ಬಣ್ಣದ ದ್ರವವೂ ಅದರೊಂದಿಗೇ ಹೋಯಿತು. ಬ್ಲಾಕಿಗೂ ಮುಂದಿನ ಗೇರ್ ಕವರಿಗೂ ನಡುವಿನ ಸಂದು ಚೇಂಬರನ್ನು ಸಂಧಿಸುವ ಎರಡು ಕಡೆ ಸೀಲಂಟ್ ಹಚ್ಚಬೇಕು. ಅಲ್ಲಿ ಆಯಿಲಿನ ತೆಳುವಾದ ಪದರ ಉಳಿದಿದ್ದರೂ ಸೀಲಂಟ್ ಹಿಡಿಯುವುದಿಲ್ಲ. ಮೇಲಿನಿಂದ ಆಯಿಲ್ ಇಳಿಯುವುದು ನಿಲ್ಲಲಿ ಎಂದು ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗ್ಗೆ ಮತ್ತೊಮ್ಮೆ ಒರೆಸಿ ಹಚ್ಚಿದರು. ಸೀಲಂಟ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟ ಮೇಲೆಯೇ ಹೊಸ ಆಯಿಲ್ ತುಂಬಿದರು.

ಕೊನೆಯ ಅಳತೆಯಲ್ಲಿ ಕಂಪ್ರೆಸರ್ ಗಾಳಿ ತುಂಬುವಾಗಲೂ ಬಿಟ್ಟಾಗಲೂ ಟ್ಯೂಬಿನ ನೀರು ಒಂದೇ ಮಟ್ಟದಲ್ಲಿ, ಮಿತಿಯ ಸಾಕಷ್ಟು ಕೆಳಗೆ, ನಿಂತಿತು. ಬಿಲ್ಲಿನ ಜೊತೆ ಮೇಸ್ತ್ರಿ ನಾಲ್ಕು ಅಳತೆಗಳನ್ನೂ ಕೈಬರಹದಲ್ಲಿ ಬರೆದುಕೊಟ್ಟರು. ಕಂಪ್ರೆಸರ್ ಸೇರಿಸಿದರೂ ಒಟ್ಟು ಮೊತ್ತ ಮೊದಲ ಗ್ಯಾರೇಜಿನ ಬಿಲ್ಲಿಗಿಂತ ಸ್ವಲ್ಪವೇ ಹೆಚ್ಚಾಗಿತ್ತು. ಬ್ರೀದರ್, ಪ್ಯಾಕಿಂಗುಗಳು ಮತ್ತು ಅವುಗಳ ಕೂಲಿಯನ್ನಷ್ಟೇ ಲೆಕ್ಕ ಹಾಕಿದರೆ ಅದರ ಅರ್ಧವೂ ಇಲ್ಲ.

100 ಕಿ.ಮೀ., 500 ಕಿ.ಮೀ. ಮತ್ತು 1,500 ಕಿ.ಮೀ. ಆದಾಗ ಕ್ಯಾಬಿನ್ ಎತ್ತಿ ಆ ಹಿಂದಿನ ಎಡ ಮೂಲೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ; ಬಟ್ಟೆಗೆ ಧೂಳು ಮಾತ್ರ ಅಂಟಿತು. ಆಯಿಲ್ ಮಟ್ಟವನ್ನು ಈಗ ಒಂದೇ ರೀತಿಯಲ್ಲಿ ನೋಡುತ್ತೇನೆ: ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು 15 ನಿಮಿಷ ಬಿಟ್ಟು. ಬ್ರೀದರ್ ಫಿಲ್ಟರ್ ಮತ್ತೆ ಬದಲಾಯಿಸಬೇಕಾದ ಕಿ.ಮೀ.ಯನ್ನು ಅದರ ಡಬ್ಬಿಯ ಮೇಲೆಯೇ ಬಿಳಿ ಬಣ್ಣದಲ್ಲಿ ಬರೆಸಿದ್ದೇನೆ. ಹೌಸಿಂಗಿನ ಮೇಲಿನ ತೂತಿಗೆ ಹೊಸ ರಬ್ಬರ್ ಮುಚ್ಚಳ ಬಂದಿದೆ. ರಾತ್ರಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಒಂದು ರಟ್ಟು ಹಾಸುವ ಅಭ್ಯಾಸ ಉಳಿದುಕೊಂಡಿದೆ. ಇಂದು ಬೆಳಗ್ಗೆ ತೆಗೆದ ರಟ್ಟು ಹಾಸಿದಾಗ ಇದ್ದಂತೆಯೇ ಇತ್ತು, ಮಡಚಿ ಸೀಟಿನ ಹಿಂದೆ ಇಟ್ಟೆ.